ಏನೂ ತೆಗೆಯದ ಆಪರೇಷನ್

ಚಿಕ್ಕಬಳ್ಳಾಪುರದ ಆ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಮುಗಿದ ಮೇಲೆ ನರ್ಸು ಒಂದು ಸ್ಟೀಲ್ ತಟ್ಟೆ ಹಿಡಿದು ಹೊರಗೆ ಬರುವುದು ಪದ್ಧತಿ. ತಟ್ಟೆಯ ಮೇಲಿನ ಬಟ್ಟೆ ಸರಿಸಿ, "ಯಾರಮ್ಮ ಇವರ ಕಡೆಯವರು? ನೋಡ್ಕೊಳ್ಳಿ, ಇದೇ ಒಳಗಡೆ ಇದ್ದಿದ್ದು" ಎಂದು ತೋರಿಸಬೇಕು. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಯ್ಯೋ ಶಿವನೇ ಅನ್ನಬೇಕು, ಗಂಡಸರು ಎಲ್ಲ ತಿಳಿದವರ ಹಾಗೆ ತಲೆಯಾಡಿಸಬೇಕು. ಅಷ್ಟಾದ ಮೇಲೇ ಆಪರೇಷನ್ ಆಯಿತು ಅಂತ ಲೆಕ್ಕ. ಎಂಬತ್ತಾರನೇ ಇಸವಿಯ ಮಾತು ಇದು. ಹೊಟ್ಟೆಯೊಳಗಿನದನ್ನು ಪರದೆಯ ಮೇಲೆ ತೋರಿಸುವ ಯಂತ್ರಗಳು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ, ಜನಕ್ಕೆ ಕಣ್ಣಾರೆ ಕಂಡದ್ದೇ ಸತ್ಯ.

ಜಂಗಮಕೋಟೆಯ ಚಿಕ್ಕವೆಂಕಟಮ್ಮ ಥಿಯೇಟರಿನ ಎದುರಿನ ಬೆಂಚಿನ ಮೇಲೆ ಕೂತು ಬೆಳಗಿನಿಂದ ಇದನ್ನೇ ನೋಡುತ್ತಿದ್ದಳು. ಮೊದಲು ಯಾರದೋ ಅಪೆಂಡಿಕ್ಸು ಬಂತು, ಹುಣಸೆಹಣ್ಣಿನ ತುಂಡಿನಷ್ಟು. ಆಮೇಲೆ ಪಕ್ಕದಲ್ಲೇ ಕೂತಿದ್ದ ವಿದುರಾಶ್ವತ್ಥದ ಅಕ್ಕಯ್ಯಮ್ಮನ ಮಗಳ ಹೊಟ್ಟೆಯಿಂದ ತೆಗೆದ ಗೆಡ್ಡೆ ಬಂತು. ಅಕ್ಕಯ್ಯಮ್ಮ ಅದನ್ನು ಕಣ್ತುಂಬ ನೋಡಿ, "ತೊಲಗ್ತಲ್ಲಮ್ಮ ಶನಿ!" ಎಂದು ನೆಟಿಗೆ ಮುರಿದು, ಚಿಕ್ಕವೆಂಕಟಮ್ಮನ ಕೈ ಹಿಡಿದು, "ನಿಮ್ಮ ಸೊಸೇದೂ ಹಿಂಗೇ ಬರುತ್ತೆ ನೋಡ್ತಿರಿ" ಎಂದು ಧೈರ್ಯ ಹೇಳಿ ಹೋದಳು.

ಒಳಗಿದ್ದವಳು ಚಿಕ್ಕವೆಂಕಟಮ್ಮನ ಸೊಸೆ ಕದಿರಮ್ಮ. ಮೂರು ನಾಲ್ಕು ತಿಂಗಳಿಂದ ಅವಳಿಗೆ ಸಂಜೆಯಾದರೆ ಮೈ ಬಿಸಿ, ಊಟ ಸೇರದು, ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಬಸುರಿಯ ಹಾಗೆ ಉಬ್ಬಿಕೊಂಡಿತ್ತು. ಶಿಡ್ಲಘಟ್ಟದಲ್ಲಿ ತೋರಿಸಿದ್ದಾಯಿತು, ಎಕ್ಸ್‌ರೇ ತೆಗೆಸಿದ್ದಾಯಿತು, ಸೂಜಿ ಚುಚ್ಚಿ ಹೊಟ್ಟೆಯ ನೀರು ತೆಗೆದು ನೋಡಿದ್ದಾಯಿತು. ಇದೇ ರೋಗ ಅಂತ ಹೆಸರಿಟ್ಟು ಹೇಳಿದವರು ಒಬ್ಬರೂ ಇಲ್ಲ. ಬೀದಿಯವರು ಮಾತ್ರ ಆಗಲೇ ಹೆಸರಿಟ್ಟು ಮುಗಿಸಿದ್ದರು: ಕ್ಯಾನ್ಸರು. ಕೊನೆಗೆ ಇಲ್ಲಿನ ಡಾಕ್ಟರ್ ಚಲಪತಿ, "ಹೊರಗಿಂದ ತಡಕಾಡಿದ್ದು ಸಾಕು. ಹೊಟ್ಟೆ ತೆರೆದು ನೋಡೇಬಿಡೋಣ" ಎಂದಿದ್ದರು.

ಬಾಗಿಲು ಮತ್ತೆ ತೆರೆಯಿತು. ಚಿಕ್ಕವೆಂಕಟಮ್ಮ ಎದ್ದು ನಿಂತಳು. ಬಂದದ್ದು ನರ್ಸಲ್ಲ, ಸ್ವತಃ ಡಾಕ್ಟರೇ, ಬರಿಗೈಲಿ.

"ಗೆಡ್ಡೆಗಿಡ್ಡೆ ಏನಿಲ್ಲಮ್ಮ" ಎಂದರು ಡಾಕ್ಟರು. "ಕರುಳಿನ ಮೇಲೆಲ್ಲ, ಹೊಟ್ಟೆಯ ಒಳಪೊರೆ ಮೇಲೆಲ್ಲ ಸಣ್ಣ ಸಣ್ಣ ಕಾಳು, ನವಣೆ ಚೆಲ್ಲಿದ ಹಂಗೆ. ಅದನ್ನೆಲ್ಲ ಕತ್ತರಿಸಿ ತೆಗೆಯೋಕಾಗಲ್ಲ. ಒಂದ್ಕಡೆ ಕರುಳು ಅಂಟ್ಕೊಂಡು ತಿರುಚ್ಕೊಂಡಿತ್ತು, ಬಿಡಿಸಿದೀನಿ. ನೀರು ತೆಗೆದಿದೀನಿ. ಒಂದು ಚೂರು ಬೆಂಗಳೂರಿಗೆ ಪರೀಕ್ಷೆಗೆ ಕಳಿಸ್ತೀನಿ. ನನಗೆ ಕಂಡ ಮಟ್ಟಿಗೆ ಇದು ಟಿ.ಬಿ. ಮಾತ್ರೆಯಲ್ಲೇ ವಾಸಿಯಾಗುತ್ತೆ."

"ಟಿ.ಬಿ.ನಾ? ಅವಳಿಗೆ ಕೆಮ್ಮೇ ಇಲ್ವಲ್ಲ ಸ್ವಾಮಿ!"

"ಹೊಟ್ಟೆಗೂ ಬರುತ್ತಮ್ಮ" ಎಂದು ಹೇಳಿ, ಅವಳ ಮಗ ರಾಮಾಂಜಿನಪ್ಪನನ್ನು ಪಕ್ಕಕ್ಕೆ ಕರೆದು ಮಾತ್ರೆಯ ವಿಷಯ ವಿವರಿಸುತ್ತಾ ಡಾಕ್ಟರು ನಡೆದುಬಿಟ್ಟರು. ಒಳಗೆ ಇನ್ನೊಂದು ಕೇಸು ಕಾಯುತ್ತಿತ್ತು.

ಚಿಕ್ಕವೆಂಕಟಮ್ಮ ಬೆಂಚಿನ ಮೇಲೆ ಕುಸಿದಳು. ಅವಳಿಗೆ ಎಲ್ಲವೂ ಅರ್ಥವಾಗಿ ಹೋಗಿತ್ತು, ಅದೂ ತಪ್ಪಾಗಿ.

ಹೇಗೆ ಅಂತೀರಾ? ಅವರದೇ ಬೀದಿಯ ಬಯ್ಯಪ್ಪನ ಹೊಟ್ಟೆಯನ್ನು ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೊಯ್ದಿದ್ದರು. ಏನೂ ತೆಗೆಯದೆ ಹಾಗೇ ಹೊಲಿದಿದ್ದರು. ಅಲ್ಲಿನ ದೊಡ್ಡ ಡಾಕ್ಟರು ಬಯ್ಯಪ್ಪನ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, "ಕೇಳಿದ್ದು ತಿನ್ನೋಕೆ ಕೊಡಿ ತಾಯಿ, ಚೆನ್ನಾಗಿ ನೋಡ್ಕೊಳ್ಳಿ" ಎಂದು ಮೆತ್ತಗೆ ಹೇಳಿ ಕಳಿಸಿದ್ದರು. ಯುಗಾದಿ ಬರುವುದರೊಳಗೆ ಬಯ್ಯಪ್ಪ ಮಣ್ಣಾಗಿದ್ದ. ತೆರೆದು ಮುಚ್ಚಿದರು ಅಂದರೆ ಮುಗಿಯಿತು ಅಂತಲೇ ಅರ್ಥ, ಅದು ಊರಿಗೆಲ್ಲ ಗೊತ್ತು.

ಅದರ ಮೇಲೆ ಈ ನವಣೆ ಕಾಳಿನ ಮಾತು ಬೇರೆ. ಚಿಕ್ಕವೆಂಕಟಮ್ಮ ಮದುವೆಯಾಗಿ ಬಂದ ದಿನದಿಂದ ರೇಷ್ಮೆ ಹುಳ ಸಾಕಿದವಳು. ಹುಳದ ಮನೆಯಲ್ಲಿ ರೋಗ ಒಂದು ಮೂಲೆಯಲ್ಲಿ ಕಂಡರೆ ಆ ಹುಳಗಳನ್ನು ಆರಿಸಿ ದೂರ ಹೂಳುತ್ತಾರೆ, ಉಳಿದವು ಬದುಕಿಕೊಳ್ಳುತ್ತವೆ. ಎಲ್ಲ ಕಡೆ ಹರಡಿತು ಅಂದರೆ ಇಡೀ ಬೆಳೆ ಗುಂಡಿಗೇ. ರೋಗದ ಹುಳಕ್ಕೆ ಮಾತ್ರೆ ಕೊಟ್ಟು ವಾಸಿ ಮಾಡಿದವರನ್ನು ಅವಳು ತನ್ನ ಜನ್ಮದಲ್ಲಿ ಕಂಡಿಲ್ಲ. ಪಾಪ, ಡಾಕ್ಟರು ಒಳ್ಳೆಯವರು, ಸಮಾಧಾನಕ್ಕೆ ಏನೋ ಒಂದು ಹೇಳಿದ್ದಾರೆ ಅಂದುಕೊಂಡಳು. ಎರಡು ಮಕ್ಕಳ ತಾಯಿ, ಮೂವತ್ತು ತುಂಬಿಲ್ಲ. ದೇವರು ಅನ್ನೋನಿಗೆ ಕಣ್ಣಿದ್ದರೆ ತನ್ನನ್ನು ಕರೆದುಕೊಳ್ಳಬಾರದಿತ್ತೇ ಎಂದು ಬೆಂಚಿನ ಮೇಲೆ ಸದ್ದಿಲ್ಲದೆ ಅತ್ತಳು.

ಮನೆಗೆ ಬಂದ ಮೇಲೆ ಚಿಕ್ಕವೆಂಕಟಮ್ಮ ಸೊಸೆಯನ್ನು ಬೈಯುವುದು ಬಿಟ್ಟಳು.

ಇದು ಸಣ್ಣ ಸಂಗತಿಯಲ್ಲ. ಅವಳ ಬಾಯಿ ಅಂಥಾದ್ದು. ಬೆಳಗ್ಗೆ ಕಸ ಗುಡಿಸುವಾಗ ಶುರುವಾದರೆ ಸೊಪ್ಪು ದಪ್ಪ ಕತ್ತರಿಸಿದ್ದಕ್ಕೆ, ಸಾರಿಗೆ ಹುಳಿ ಹೆಚ್ಚಾದ್ದಕ್ಕೆ, ಹುಳ ಗೂಡು ಕಟ್ಟುವ ಚಂದ್ರಿಕೆ ತೊಳೆದು ಬಿಸಿಲಿಗೆ ಇಡದೇ ಇದ್ದದ್ದಕ್ಕೆ, ಕೊನೆಗೆ ಏನೂ ಸಿಗದಿದ್ದರೆ ಚಿಂತಾಮಣಿಯ ಕಡೆಯವರೆಲ್ಲ ಹೀಗೇ ಎಂದು ಕದಿರಮ್ಮನ ತವರಿನ ಸೀಮೆಗೇ ಸೇರಿಸಿ ಬೈಯುತ್ತಿದ್ದಳು. ಕದಿರಮ್ಮನೂ ಏನು ಕಡಿಮೆಯಿಲ್ಲ. ಒಂದಕ್ಕೆ ಎರಡು ಆಡಿ, ಕೋಪ ಹೆಚ್ಚಾದರೆ ತೆಲುಗಿಗೆ ಇಳಿದು, ಅತ್ತೆಗೆ ಉಸಿರು ಬಿಡಲು ಪುರುಸೊತ್ತು ಕೊಡದ ಹಾಗೆ ಮಾಡುತ್ತಿದ್ದಳು. ಬೀದಿಯವರಿಗೆ ಅದು ಅಭ್ಯಾಸವಾಗಿತ್ತು. ಇಬ್ಬರ ದನಿ ಕೇಳದಿದ್ದರೆ ಅತ್ತೆ ಸೊಸೆ ಸಂತೆಗೆ ಹೋಗಿರಬೇಕು ಅಂದುಕೊಳ್ಳುತ್ತಿದ್ದರು.

ಈಗ ಆ ಬಾಯಿ ಬಂದ್ ಆಯಿತು. ಸಾಯುವವಳನ್ನು ಯಾವ ಪಾಪಿ ಬೈಯುತ್ತಾಳೆ? ಚಿಕ್ಕವೆಂಕಟಮ್ಮ ತಾನೇ ಎದ್ದು ನೀರು ಕಾಯಿಸಿದಳು, ಸೊಸೆಯ ತಲೆ ಬಾಚಿದಳು, ಹುಳಕ್ಕೆ ತಾನೊಬ್ಬಳೇ ಸೊಪ್ಪು ಹಾಕಿದಳು. ಕೋಳಿ ಕುಯ್ದ ದಿನ ತೊಡೆಯ ತುಂಡನ್ನು ಮಗನಿಗೂ ಇಡದೆ, ಮೊಮ್ಮಕ್ಕಳಿಗೂ ಇಡದೆ ಸೊಸೆಯ ತಟ್ಟೆಗೆ ಹಾಕಿ, "ತಿನ್ನಮ್ಮ ಕದಿರಮ್ಮ, ತಿನ್ನು ನನ್ನ ತಾಯಿ" ಎಂದಳು. ಕದಿರಮ್ಮ ಆ ತುಂಡನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ತಟ್ಟೆ ಸರಿಸಿ, ಹಸಿವಿಲ್ಲ ಅಂದಳು.

ಅಲ್ಲಿಂದ ಮುಂದಕ್ಕೆ ಅವಳಿಗೆ ಹಸಿವೇ ಆಗಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳೋ, ಒಂದು ಹಿಡಿ. ನುಂಗಿದರೆ ಹೊಟ್ಟೆ ತೊಳಸಿಕೊಂಡು ಬರುತ್ತಿತ್ತು. ಒಂದು ಬೆಳಗ್ಗೆ ಬಚ್ಚಲಿಂದ ಹೊರಗೆ ಬಂದ ಕದಿರಮ್ಮ ಗೋಡೆ ಹಿಡಿದು ನಿಂತು, "ಅತ್ತಮ್ಮ, ಉಚ್ಚೆ ಕೆಂಪಗೆ ಬರ್ತೈತೆ" ಎಂದಳು. ಚಿಕ್ಕವೆಂಕಟಮ್ಮ ಓಡಿ ಹೋಗಿ ನೋಡಿದಳು. ನಿಜವೇ, ಕುಂಕುಮ ಕದಡಿದ ನೀರಿನ ಬಣ್ಣ. ರಕ್ತವೇ ಹೋಗುತ್ತಿದೆ, ಇನ್ನೇನು ಉಳಿಯಿತು ಅಂದುಕೊಂಡಳು.

"ಸಾಕು ಬಿಡಮ್ಮ" ಎಂದು ಮಾತ್ರೆಗಳ ಪೊಟ್ಟಣವನ್ನು ದೇವರ ಗೂಡಿನಲ್ಲಿ ಎತ್ತಿಟ್ಟಳು. "ಇರೋಷ್ಟು ದಿನ ಆದರೂ ಹೊಟ್ಟೆ ತಣ್ಣಗಿರಲಿ. ಈ ವಿಷ ಯಾಕೆ ನಿನಗೆ?" ಇರೋಷ್ಟು ದಿನ ಎಂಬ ಮಾತು ಬಾಯಿ ತಪ್ಪಿ ಬಂದುಬಿಟ್ಟಿತು. ಕದಿರಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಹೀಗೇ ಹತ್ತು ಹನ್ನೆರಡು ದಿನ ಹೋಯಿತು. ಜ್ವರ ಮತ್ತೆ ಕಾಣಿಸಿಕೊಂಡಿತು. ಹೊಲಿಗೆಯ ಗಾಯವೇನೋ ಮಾಯುತ್ತಿತ್ತು, ಆದರೆ ಮಾಯುತ್ತಿರುವ ಗಾಯದ ಹಿಂದೆ ಹುಡುಗಿ ಕರಗುತ್ತಿದ್ದಳು. ಬೆಂಗಳೂರಿನ ಪರೀಕ್ಷೆಯ ಫಲ ಬಂದಿರುತ್ತದೆ, ಬನ್ನಿ ಎಂದು ಡಾಕ್ಟರು ಹೇಳಿದ್ದ ಸೋಮವಾರವೂ ಬಂದು ಹೋಯಿತು. ರಾಮಾಂಜಿನಪ್ಪ ಹೋಗಲಿಲ್ಲ. ಸೊಪ್ಪು ಕೊಯ್ಯಬೇಕು ಎಂದ, ಸೈಕಲ್ಲು ಪಂಚರು ಎಂದ. ಡಾಕ್ಟರು ಏನೇ ಹೇಳಿರಲಿ, ಬಯ್ಯಪ್ಪನನ್ನು ಅವನೂ ಕಂಡವನೇ. ಹೆಂಡತಿಯ ಸಾವಿನ ಸುದ್ದಿಯನ್ನು ಕಿವಿಯಾರೆ ಕೇಳಲು ಅವನಿಗೆ ಎದೆಯಿರಲಿಲ್ಲ, ಅಷ್ಟೇ.

"ನೀನು ಹೆದರುಪುಕ್ಕಲ, ನಾನೇ ಹೋಗ್ತೀನಿ" ಎಂದಳು ಚಿಕ್ಕವೆಂಕಟಮ್ಮ. ಅವಳಿಗೆ ಬೇಕಾಗಿದ್ದು ಒಂದೇ ಉತ್ತರ: ಇನ್ನೆಷ್ಟು ದಿನ? ಕದಿರಮ್ಮನ ಅಣ್ಣ ಚಿಂತಾಮಣಿಯಲ್ಲಿದ್ದಾನೆ. ಈಗಲೇ ಹೇಳಿಕಳಿಸಬೇಕೋ, ಇನ್ನೂ ಸ್ವಲ್ಪ ಕಾಯಬಹುದೋ? ಒಡಹುಟ್ಟಿದವನ ಮುಖವಾದರೂ ನೋಡಿ ಹೋಗಲಿ.

ಆಸ್ಪತ್ರೆಯಲ್ಲಿ ಅವತ್ತು ಜನವೋ ಜನ. ಸರದಿ ಬಂದು ಒಳಗೆ ಹೋದಾಗ ಡಾಕ್ಟರ್ ಚಲಪತಿ ತಲೆಯೆತ್ತಿ ನೋಡಿ, "ಓ, ಜಂಗಮಕೋಟೆ! ಎಲ್ಲಿ ಸೊಸೆ? ಈಗ ಬಂದ್ರಾ? ರಿಪೋರ್ಟು ಬಂದು ಕೂತಿದೆ. ನಾನು ಹೇಳಿದ್ದೇ ಸರಿ, ಟಿ.ಬಿ." ಎಂದರು.

ಚಿಕ್ಕವೆಂಕಟಮ್ಮ ಕೈ ಮುಗಿದಳು. "ಸ್ವಾಮಿ, ನನ್ನ ಹತ್ರ ಮುಚ್ಚಿಡಬೇಡಿ. ನಾನು ಗಟ್ಟಿ ಹೆಂಗಸು. ಇನ್ನೆಷ್ಟು ದಿನ ಅಂತ ಹೇಳಿಬಿಡಿ. ಅವಳ ಅಣ್ಣನ್ನ ಕರೆಸಬೇಕು."

"ಏನು ಎಷ್ಟು ದಿನ? ಒಂಬತ್ತು ತಿಂಗಳು ಅಂತ ನಿಮ್ಮ ಮಗನಿಗೆ ಹೇಳಿದ್ದೆನಲ್ಲ. ಒಂಬತ್ತು ತಿಂಗಳು ಮಾತ್ರೆ."

"ಮಾತ್ರೆ ನಿಲ್ಲಿಸಿಬಿಟ್ಟೆ ಸ್ವಾಮಿ. ಯಾಕೆ ಸುಮ್ನೆ ಹಿಂಸೆ ಅಂತ. ರಕ್ತದುಚ್ಚೆ ಬೇರೆ ಬರ್ತಿತ್ತು. ಹುಳದ ಮನೇಲೂ ಹಂಗೇ ತಾನೇ, ರೋಗ ಎಲ್ಲ ಕಡೆ ಹರಡಿದ ಮೇಲೆ…"

ಡಾಕ್ಟರು ಕುರ್ಚಿಯಿಂದ ಎದ್ದು ನಿಂತಿದ್ದರು.

"ನಿಲ್ಲಿಸಿಬಿಟ್ರಾ? ಬುದ್ಧಿ ಉಂದಾ ನೀಕು? ಬುದ್ಧಿ ಇದೆಯಾ ನಿನಗೆ? ಏನು ತಲೇಲಿ ಮಣ್ಣು ತುಂಬ್ಕೊಂಡಿದೀರಾ ಎಲ್ಲ ಸೇರಿ? ಅವಳೇನು ಹುಳಾನಾ? ಅವಳೇನು ಹುಳಾನಾ ಅಂತೀನಿ! ಹೊಟ್ಟೆ ಕೊಯ್ದು, ಒಳಗಡೆ ಕೈ ಹಾಕಿ, ಕಣ್ಣಾರೆ ನೋಡ್ಕೊಂಡು ಬಂದು ಇಂಥ ರೋಗ, ವಾಸಿಯಾಗುತ್ತೆ ಅಂತ ಹೇಳಿದ್ರೆ ಮನೇಲಿ ಕೂತು ನೀನು ತೀರ್ಪು ಕೊಡ್ತೀಯಾ? ರಕ್ತವಂತೆ ರಕ್ತ! ಅದು ಮಾತ್ರೆ ಬಣ್ಣ ಕಣಮ್ಮ! ಮೊದಲನೇ ದಿನವೇ ನಿನ್ನ ಮಗನಿಗೆ ಹೇಳಿದೀನಿ!"

ಹೊರಗಿನ ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ತನ್ನ ಅತ್ತೆ ಸತ್ತ ಮೇಲೆ ಚಿಕ್ಕವೆಂಕಟಮ್ಮನನ್ನು ಹೀಗೆ ಯಾರೂ ಬೈದಿರಲಿಲ್ಲ. ಬೇರೆ ದಿನವಾಗಿದ್ದರೆ ತಿರುಗಿ ನಿಂತು ಡಾಕ್ಟರೂ ಇಲ್ಲ ಗೀಕ್ಟರೂ ಇಲ್ಲ, ನೀರಿಳಿಸಿಬಿಡುತ್ತಿದ್ದಳು. ಅವತ್ತು ಬಾಯಿಬಿಟ್ಟುಕೊಂಡು ಕೇಳಿದಳು.

"ತೆಗೆಯೋಕೆ ಮಾತ್ರವೇ ಹೊಟ್ಟೆ ಕೊಯ್ತಾರೆ ಅಂತ ನಿನಗೆ ಹೇಳಿದ್ಯಾರು? ನೋಡೋಕೂ ಕೊಯ್ತೀವಿ. ನೋಡದೇ ಇದ್ದಿದ್ರೆ ಎಲ್ಲರ ಥರ ನಾನೂ ಕ್ಯಾನ್ಸರ್ ಅಂದ್ಕೊಂಡು ಮನೆಗೆ ಕಳಿಸ್ತಿದ್ದೆ, ವಾಸಿಯಾಗೋ ರೋಗಕ್ಕೆ ಹುಡುಗಿ ಸಾಯ್ತಿದ್ದಳು. ಹೆಸರು ಗೊತ್ತಾಗಲಿ ಅಂತ ಅಷ್ಟು ಕಷ್ಟಪಟ್ಟು ಒಳಗೆ ಹೋಗಿ ಬಂದ್ರೆ, ನೀನು ಮಾತ್ರೆ ಎತ್ತಿ ದೇವರಿಗೆ ಇಟ್ಟು ಬಂದಿದೀಯ!"

ದೇವರ ಗೂಡಿನಲ್ಲಿ ಇಟ್ಟದ್ದು ಇವರಿಗೆ ಹೇಗೆ ಗೊತ್ತಾಯಿತು ಎಂದು ಚಿಕ್ಕವೆಂಕಟಮ್ಮ ಬೆರಗಾದಳು. ಆ ಬೆರಗಿನ ಮಧ್ಯೆ ಇನ್ನೊಂದು ಯೋಚನೆ ಬಂತು. ಬಯ್ಯಪ್ಪನ ಡಾಕ್ಟರು ಎಷ್ಟು ಮೆತ್ತಗೆ ಮಾತಾಡಿದ್ದರು! ಹೆಗಲ ಮೇಲೆ ಕೈಯಿಟ್ಟು, ತಾಯಿ ಎಂದು ಕರೆದು. ಈ ಮನುಷ್ಯ ಕುತ್ತಿಗೆಯ ನರ ಉಬ್ಬಿಸಿಕೊಂಡು ಕಿರುಚುತ್ತಿದ್ದಾನೆ. ಸಾಯುವವರ ಮನೆಯವರ ಮೇಲೆ ಯಾರಾದರೂ ಹೀಗೆ ಕಿರುಚುತ್ತಾರೆಯೇ? ಹೇಗೂ ಹೋಗುವ ಜೀವಕ್ಕೆ ಮಾತ್ರೆ ತಪ್ಪಿದರೆ ಇವನಿಗೆ ಇಷ್ಟು ಸಂಕಟ ಯಾಕೆ?

"ಹಂಗಾದ್ರೆ… ಅವಳು ಬದುಕ್ತಾಳಾ ಸ್ವಾಮಿ?"

"ನೀನು ಬಿಟ್ರೆ ಬದುಕ್ತಾಳೆ! ಇವತ್ತಿಂದಲೇ ಮತ್ತೆ ಶುರು ಮಾಡಿಸು. ಮುಂದಿನ ವಾರ ಅವಳನ್ನ ಕರ್ಕೊಂಡು ಬಾ. ಇನ್ನೊಂದು ದಿನ ತಪ್ಪಿಸಿದೆ ಅಂತ ಗೊತ್ತಾದ್ರೆ ನಾನೇ ಜಂಗಮಕೋಟೆಗೆ ಬರ್ತೀನಿ ನೋಡು!"

ಚಿಕ್ಕವೆಂಕಟಮ್ಮ ಹೊರಗೆ ಬಂದು, ಆಸ್ಪತ್ರೆಯ ಅಂಗಳದ ನಲ್ಲಿಯ ಹತ್ತಿರ ಕೂತು, ದಾರಿಹೋಕರು ನಿಂತು ನೋಡುವ ಹಾಗೆ ಗೊಳೋ ಎಂದು ಅತ್ತಳು. ಯಾರೋ ಪುಣ್ಯಾತ್ಮರು ಹತ್ತಿರ ಬಂದು, "ಯಾವಾಗ ಹೋದರಮ್ಮ?" ಎಂದು ಕೇಳಿದರು. "ಥೂ, ನಿನ್ನ ಬಾಯಿಗೆ ಹುಳ ಬೀಳ! ಯಾರೂ ಹೋಗಿಲ್ಲ!" ಎಂದು ಎದ್ದು ಮುಖ ತೊಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಊರು ಸೇರುವವರೆಗೂ ಅವಳು ಒಂದೇ ಸಮನೆ ಮಾತು ಜೋಡಿಸುತ್ತಿದ್ದಳು. ಹುಡುಗಿಯ ಪಕ್ಕದಲ್ಲಿ ಕೂರಬೇಕು. ತಲೆ ಸವರಬೇಕು. ನಿಧಾನವಾಗಿ, ಎದೆ ಒಡೆಯದ ಹಾಗೆ, ಸಂತೋಷಕ್ಕೂ ಎದೆ ಒಡೆಯುತ್ತದಲ್ಲ, ಒಂದೊಂದೇ ಮಾತು ಹೇಳಬೇಕು. ಚಿನ್ನದಂಥ ಮಾತುಗಳೆಲ್ಲ ಬಾಯಲ್ಲಿ ಸಿದ್ಧವಾಗಿದ್ದವು.

ಹೊಸ್ತಿಲು ದಾಟಿದಳು. ಕದಿರಮ್ಮ ಗೋಡೆಗೊರಗಿ ಕೂತಿದ್ದಳು. ಬೆಳಗ್ಗೆ ಬಡಿಸಿಟ್ಟು ಹೋದ ಮುದ್ದೆ ಬಡಿಸಿಟ್ಟ ಹಾಗೇ ಒಣಗಿ ಬಿರುಕು ಬಿಟ್ಟಿತ್ತು, ಸಾರಿನ ಮೇಲೆ ನೊಣ ಕೂತಿತ್ತು. ಅದನ್ನು ಕಂಡದ್ದೇ ತಡ, ಜೋಡಿಸಿಕೊಂಡು ಬಂದ ಚಿನ್ನದ ಮಾತುಗಳೆಲ್ಲ ಎತ್ತಲೋ ಓಡಿಹೋದವು.

"ಏನೇ ಇದು? ಮಹಾರಾಣಿ ಹಂಗೆ ಕೂತಿದೀಯ! ಮಾಡಿಟ್ಟಿದ್ದನ್ನ ತಿನ್ನೋಕೂ ಮೈಗಳ್ಳತನಾನಾ ನಿನಗೆ? ಹಿಟ್ಟೇನು ಪುಕ್ಕಟೆ ಬರ್ತೈತಾ? ಅಲ್ಲಿ ಹುಳ ಪೊರೆ ಬಿಟ್ಟು ಜ್ವರದಿಂದ ಎದ್ದು ಸೊಪ್ಪು ಸೊಪ್ಪು ಅಂತ ಬಾಯಿ ಬಿಡ್ತಾವೆ, ನೀನು ಗೋಡೆಗೆ ಅಂಟ್ಕೊಂಡು ಕೂತ್ಕೊ! ಈ ಮುದುಕಿ ಒಬ್ಬಳೇ ದುಡಿದು ಸಾಯ್ಲಿ ಅಂತಾನಾ? ಚಿಂತಾಮಣಿ ಕಡೆಯವರೇ ಹಿಂಗೆ!"

ಸೊಪ್ಪಿನ ಹೊರೆ ಇಳಿಸುತ್ತಿದ್ದ ರಾಮಾಂಜಿನಪ್ಪ ಓಡಿ ಬಂದ. "ಅಮ್ಮಾ! ಏನಾಗೈತೆ ನಿನಗೆ? ಇಂಥ ಟೈಮಲ್ಲಿ ಅವಳನ್ನ…"

"ಯಾವ ಟೈಮೋ? ಮಾತ್ರೆ ನುಂಗಿದ್ರೆ ಉಚ್ಚೆ ಕೆಂಪಗಾಗುತ್ತೆ ಅಂತ ಡಾಕ್ಟ್ರು ನಿನಗೆ ಹೇಳಿದ್ರೋ ಇಲ್ವೋ?"

ರಾಮಾಂಜಿನಪ್ಪ ನೆಲ ನೋಡಿದ. "ಹೇಳಿದ್ರು… ಅದನ್ನ ನಿನ್ನ ಹತ್ರ ಹೆಂಗಮ್ಮ ಹೇಳೋದು?"

"ಅಯ್ಯೋ ನಿನ್ನ ನಾಚಿಕೆಗೆ ಬೆಂಕಿ ಹಾಕ! ನಿನ್ನ ನಾಚಿಕೆ, ನನ್ನ ದಡ್ಡತನ, ಎರಡೂ ಸೇರಿ ಇವಳನ್ನ ಮಣ್ಣಿಗೆ ಕಳಿಸ್ತಿದ್ವಲ್ಲೋ!" ಎಂದು ಚಿಕ್ಕವೆಂಕಟಮ್ಮ ತಲೆ ಚಚ್ಚಿಕೊಂಡಳು.

ಗೋಡೆಯ ಕಡೆಯಿಂದ ಏನೋ ಸದ್ದಾಯಿತು. ಇಬ್ಬರೂ ತಿರುಗಿದರು. ಕದಿರಮ್ಮ ಹೊಲಿಗೆಯ ಮೇಲೆ ಎರಡೂ ಕೈ ಒತ್ತಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇತ್ತು.

"ಅತ್ತಮ್ಮ, ಹಂಗಾದ್ರೆ ನಾನು ಸಾಯಲ್ವಾ?"

"ನೀನು ಸಾಯ್ತೀಯ ಅಂತ ಯಾರೇ ಹೇಳಿದ್ದು?"

"ನೀನೇ. ಆಸ್ಪತ್ರೆಯಿಂದ ಬಂದಾಗಿಂದ ಒಂದು ದಿನ ನನ್ನ ಬೈದಿದ್ದೀಯಾ? ತಲೆ ಬಾಚಿದೆ. ನನ್ನ ತಾಯಿ ಅಂದೆ. ಕೋಳಿ ತೊಡೆ ನನ್ನ ತಟ್ಟೆಗೆ ಹಾಕಿದೆ ನೋಡು, ಅವತ್ತೇ ನಂಗೆ ಗೊತ್ತಾಗೋಯ್ತು, ಇನ್ನು ನನ್ನ ಕಥೆ ಮುಗೀತು ಅಂತ. ಆಮೇಲೆ ಏನು ತಿನ್ನಲಿ ನಾನು? ಯಾಕೆ ತಿನ್ನಲಿ?"

ಇಷ್ಟು ದಿನ ಪ್ರೀತಿ ಅಂದುಕೊಂಡು ತಾನು ಕೈಯಾರೆ ಬಡಿಸಿದ್ದು ಸಾವಿನ ಸುದ್ದಿಯನ್ನೇ? ಚಿಕ್ಕವೆಂಕಟಮ್ಮ ದೇವರ ಗೂಡಿಗೆ ಹೋಗಿ, ಪೊಟ್ಟಣ ಬಿಚ್ಚಿ, ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು, ಚೊಂಬಿನಲ್ಲಿ ನೀರು ತಂದು ಸೊಸೆಯ ಎದುರು ಕುಕ್ಕರುಗಾಲಲ್ಲಿ ಕೂತಳು. ಡಾಕ್ಟರು ಹೇಳಿದ್ದೆಲ್ಲ ಹೇಳಬೇಕು ಎಂದು ಬಾಯಿ ತೆರೆದಳು. ಮಾತಿಗಿಂತ ಮೊದಲು ಕಣ್ಣೀರು ಗಲ್ಲದಿಂದ ಇಳಿದು ಅಂಗೈಯ ಮಾತ್ರೆಗಳ ಮೇಲೆ ಬಿತ್ತು.

ಅತ್ತೆಯ ಕಣ್ಣೀರು ಕಂಡು ಕದಿರಮ್ಮನ ಮುಖ ಮತ್ತೆ ಬಿಳಿಚಿಕೊಂಡಿತು. ಕೈ ಮುಂದಕ್ಕೆ ಬರಲಿಲ್ಲ.

"ಅಳಬೇಡ ಅತ್ತಮ್ಮ, ನಂಗೆ ಭಯ ಆಗ್ತೈತೆ" ಎಂದಳು. "ಬೈ. ಇನ್ನೊಂದ್ಸಲ ಬೈ."

ಚಿಕ್ಕವೆಂಕಟಮ್ಮ ಸೆರಗಿನಲ್ಲಿ ಮೂಗು ಸೀಟಿ, ಗಂಟಲು ಸರಿಮಾಡಿಕೊಂಡಳು.

"ಹಾಳಾದೋಳೇ, ನುಂಗೇ!" ಎಂದಳು.

ಕದಿರಮ್ಮ ನುಂಗಿದಳು.